ಬಾಯಿ ಬಿಟ್ರೆ ಬಣ್ಣಗೇಡು

ಡ್ರೆಸಾಜ್ ಅನ್ನೋದು ಕುದುರೆ ಸವಾರಿಯ ಒಂದು ಆಟ, ಆ ಪದಕ್ಕೆ ಫ್ರೆಂಚಲ್ಲಿ ಬರೀ ತರಬೇತಿ ಅಂತ ಅರ್ಥ, ಆದ್ರೆ ಜನ ಡ್ರೆಸ್ ವಿಷ್ಯ ಅಂದ್ಕೋತಾರೆ, ಪೂರ್ತಿ ತಪ್ಪೂ ಅಲ್ಲ ಬಿಡಿ, ಯಾಕಂದ್ರೆ ಬಿಳಿ ಪ್ಯಾಂಟು ಬಿಳಿ ಗ್ಲೌಸ್ ಹಾಕ್ಕೊಂಡು ಪಕ್ಕದಲ್ಲಿ ನಿಂತಾಗ್ಲೇ ಕುದುರೆಗೆ ಸೀನು ಬರೋದು, ಅದೂ ಹುಲ್ಲು ಜಗಿದ ನೊರೆ ಸಮೇತ. ತೊಡೆ ಮೇಲೆ ಹಸಿರು ಭೂಪಟ ಇಟ್ಕೊಂಡು ಜಡ್ಜ್‌ಗೆ ಸೆಲ್ಯೂಟ್ ಹೊಡೆದಿದ್ದು ಒಂದೆರಡು ಸಲ ಅಲ್ಲ.

ಈ ಆಟದಲ್ಲಿ ಸವಾರರು ಮಾತಾಡಂಗಿಲ್ಲ. ಕಾಲು, ಸೊಂಟ, ಲಗಾಮು ಹಿಡಿದ ಬೆರಳು, ಇಷ್ಟರಲ್ಲೇ ಹೇಳ್ಬೇಕು, ಲೊಚಗುಟ್ಟಿದ್ರೂ ಮಾರ್ಕ್ಸ್ ಹೋಗುತ್ತೆ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಲ್ಲಿ ಸ್ವೀಡನ್ನಿನ ಬರ್ಟಿಲ್ ಸ್ಯಾಂಡ್‌ಸ್ಟ್ರೋಮ್ ಲೊಚಗುಟ್ಟಿದ್ರು ಅಂತ ಎರಡನೇ ಜಾಗದಿಂದ ಎಳೆದು ಕೊನೇ ಜಾಗಕ್ಕೆ ಹಾಕಿದ್ರು, ಅವ್ರು ಅದು ನನ್ನ ಬಾಯಲ್ಲ ಜೀನು ಕಿರುಗುಟ್ಟಿದ್ದು ಅಂದ್ರಂತೆ. ನಾನಂತೂ ನಂಬ್ತೀನಿ, ನಾನೂ ಅದನ್ನೇ ಹೇಳಿದೀನಲ್ಲ.

ಹಿಂಗೆ ವರ್ಷಗಟ್ಲೆ ಬಾಯಿ ಹೊಲ್ಕೊಂಡು ಕೂತಿದ್ದವಳು ಕೋಚ್ ಆದೆ ನೋಡಿ, ಕಟ್ಟೆ ಒಡೀತು. ಹಿಮ್ಮಡಿ ಕೆಳಗೆ, ಕಣ್ಣು ಮೇಲೆ, ಉಸಿರಾಡೇ ತಾಯಿ! ಶಿಷ್ಯೆಗಿಂತ ಮೊದ್ಲು ಕುದುರೆ ಕಲಿತುಬಿಡ್ತು. ನಾನು 'ಟ್ರಾಟ್', ಅಂದ್ರೆ ಕುಕ್ಕುಲೋಟ, ಅಂದ ತಕ್ಷಣ ಹೊರಟಿರುತ್ತೆ, ಮೇಲಿರೋ ಹುಡುಗಿ "ನೋಡಿದ್ರಾ ಮೇಡಂ, ಕಾಲು ತಾಗಿಸಿದ್ರೆ ಸಾಕು" ಅಂತಾಳೆ. ಪಾಪ, ಇರ್ಲಿ ಅಂತ ಸುಮ್ನಿದ್ದೆ.

ಅವಳ ಮೊದಲ ಸ್ಪರ್ಧೆ. ಚಿಕ್ಕ ಹಂತಗಳಲ್ಲಿ ಯಾರಾದ್ರೂ ಅಂಚಲ್ಲಿ ನಿಂತು ಟೆಸ್ಟ್, ಅಂದ್ರೆ ಎಲ್ಲಿ ಏನು ಮಾಡ್ಬೇಕು ಅನ್ನೋ ಪಟ್ಟಿ, ಓದಿ ಹೇಳ್ಬೋದು, ಅದೂ ಸ್ವಲ್ಪ ಮುಂಚೆನೇ ಓದ್ಬೇಕು, ಸವಾರರಿಗೆ ತಯಾರಾಗೋಕೆ ಟೈಮ್ ಬೇಕಲ್ಲ. 20 ಮೀಟರ್ ಅಗಲ 40 ಮೀಟರ್ ಉದ್ದದ ಅಂಕಣ, ಸುತ್ತ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಅಂತ ಯಾರೋ ಡಬ್ಬಿ ಅಲ್ಲಾಡಿಸಿ ಚೆಲ್ಲಿದಂಗೆ ಅಕ್ಷರಗಳು, ನಟ್ಟನಡುವೆ ಎಕ್ಸ್. ಎಲ್ಲಾ ಸರಿಯಾಗೇ ಹೋಯ್ತು. ಕೊನೇಲಿ ಅವಳು ಎಫ್ ಹತ್ರ ಬರ್ತಿದ್ದಂಗೆ ನಾನು ಗಂಟಲು ಸರಿಮಾಡ್ಕೊಂಡು ಓದಿದೆ, "ಎ ಇಂದ ಮಧ್ಯದ ಗೆರೆ, ಎಕ್ಸ್‌ನಲ್ಲಿ ಹಾಲ್ಟ್."

ಕುದುರೆ ಎಫ್‌ನಲ್ಲೇ ನಿಂತ್ಕೊಂಡ್ತು. ನಾಲ್ಕೂ ಕಾಲು ಮೇಜಿನ ಕಾಲಿನಂಗೆ ಚೌಕಾಕಾರ, ಜನ್ಮದಲ್ಲಿ ಅಂಥ ಹಾಲ್ಟ್ ಕೊಟ್ಟಿರ್ಲಿಲ್ಲ. ಕಿವಿ ಎರಡೂ ನನ್ನ ಕಡೆ. ಹುಡುಗಿ ಒದೀತಾಳೆ, ಅದು ಜಪ್ಪಯ್ಯ ಅನ್ನಲ್ಲ. 20 ಸೆಕೆಂಡ್ ಹಠ ಹಿಡಿದ್ರೆ ಔಟು, ನಾನು ಓದೋದು ಬಿಟ್ಟು ಒಂದು ಮಾತಾಡಿದ್ರೂ ಔಟು. ಹಲ್ಲು ಕಚ್ಚಿ ಹಿಡ್ಕೊಂಡೆ, ಹನ್ನೆರಡು, ಹದಿಮೂರು...

ಎಲ್ಲಿಂದಲೋ 'ಲೊಚ್' ಅಂತ ಸದ್ದು ಬಂತು. ಕುದುರೆ ಜಮ್ಮಂತ ಹೊರಡ್ತು.

ಜಡ್ಜ್ ಪೆನ್ನು ಕೆಳಗಿಟ್ಟು ಸೀದಾ ನನ್ನನ್ನೇ ನೋಡಿದ್ರು. ನಾನು ಪಕ್ಕದಲ್ಲಿದ್ದ ಖಾಲಿ ಕುರ್ಚಿ ತೋರಿಸಿದೆ.