ಹಳ್ಳಿ ನೋಡುವುದಾದರೆ ನದಿಯ ಕಡೆಯಿಂದ ಹತ್ತಿ

ಫ್ರಾನ್ಸಿನ ಸ್ಯಾಂ-ಸೀರ್ಕ್-ಲಾಪೊಪಿ ಎಂಬ ಹಳ್ಳಿಗೆ ಹೋಗಲು ಎರಡು ದಾರಿಗಳಿವೆ. ಒಂದು, ಕಾರಿನಲ್ಲಿ ಗುಡ್ಡದ ಮೇಲಿನ ಪಾರ್ಕಿಂಗಿಗೆ ಹೋಗಿ, ದುಡ್ಡು ಕಟ್ಟಿ, ಮುಖ್ಯ ಬೀದಿಯ ಅಂಗಡಿಗಳನ್ನು ನೋಡಿ, ಫೋಟೊ ತೆಗೆದುಕೊಂಡು, ಒಂದೂವರೆ ಗಂಟೆಯಲ್ಲಿ ಮುಂದಿನ ಊರಿಗೆ ಹೊರಡುವುದು. ಇನ್ನೊಂದು, ಕೆಳಗೆ ಲೊಟ್ ನದಿಯ ದಂಡೆಯಲ್ಲಿರುವ ಬೂಝಿಯೆಸ್ ಎಂಬ ಪುಟ್ಟ ಊರಿನಿಂದ ನದಿಗುಂಟ ನಡೆದು ಬರುವುದು. ನಾಲ್ಕೈದು ಕಿಲೋಮೀಟರು, ನಿಧಾನಕ್ಕೆ ಒಂದೂವರೆ ಗಂಟೆ. ಫ್ರಾನ್ಸಿನ ನೈರುತ್ಯದ ಕೆರ್ಸಿ ಸೀಮೆಗೆ ಹೋಗುವ ಎಲ್ಲರಿಗೂ ಎರಡನೆಯ ದಾರಿಯನ್ನೇ ಹಿಡಿಯಿರಿ ಎನ್ನುತ್ತೇನೆ. ಆ ಊರು ಅಲ್ಲೇ ಯಾಕೆ ಹುಟ್ಟಿತು, ಏನು ಮಾಡಿ ಬದುಕಿತು ಅನ್ನುವುದು ಪಾರ್ಕಿಂಗಿನ ಕಡೆಯಿಂದ ಬಂದವರಿಗೆ ತಿಳಿಯುವುದೇ ಇಲ್ಲ.

ಒಂದು ಕಾಲಕ್ಕೆ ಲೊಟ್ ಸರಕಿನ ದೋಣಿಗಳ ನದಿ. ಚಪ್ಪಟೆ ತಳದ ದೋಣಿಗಳು ಕಾಓರಿನ ವೈನು, ದೆಕಾಝ್‌ವಿಲ್‌ನ ಕಲ್ಲಿದ್ದಲು ಹೊತ್ತು ಕೆಳಗೆ ಇಳಿಯುತ್ತಿದ್ದವು, ಉಪ್ಪು, ಒಣಮೀನು ತುಂಬಿಕೊಂಡು ಹಿಂತಿರುಗುತ್ತಿದ್ದವು. ಹರಿವಿಗೆ ಎದುರಾಗಿ ಬರಬೇಕಾದರೆ ದಂಡೆಯ ಮೇಲಿಂದ ಆಳುಗಳೋ ಕುದುರೆಗಳೋ ಹಗ್ಗ ಹಿಡಿದು ಎಳೆಯಬೇಕು. ಬೂಝಿಯೆಸ್ ದಾಟಿದರೆ ದಂಡೆಯೇ ಇಲ್ಲ, ಸುಣ್ಣಕಲ್ಲಿನ ಬಂಡೆ ನೇರ ನೀರಿಗೇ ಇಳಿದಿದೆ. ಹಾಗಾಗಿ 1840ರ ದಶಕದಲ್ಲಿ ಬಂಡೆಯ ಹೊಟ್ಟೆಯನ್ನೇ ಕಡಿದು ಎಳೆದಾರಿ ಮಾಡಿದರು. ತಲೆಯ ಮೇಲೆ ಬಂಡೆ, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ನೀರು. 1886ರಲ್ಲಿ ಕಣಿವೆಗೆ ರೈಲು ಬಂದ ಮೇಲೆ ದೋಣಿಯವರ ಕಸುಬು ಕರಗಿಹೋಯಿತು. ದಾರಿಯ ಗೋಡೆಯಲ್ಲಿ ಮೀನು, ಚಿಪ್ಪುಗಳ ಉಬ್ಬುಕೆತ್ತನೆ ಕಾಣಿಸುತ್ತದೆ. ಅದನ್ನು ಪುರಾತನವೆಂದು ತಿಳಿಯಬೇಡಿ, 20ನೇ ಶತಮಾನದ ಕೊನೆಯಲ್ಲಿ ದಾನಿಯೆಲ್ ಮೊನಿಯೆ ಎಂಬ ಶಿಲ್ಪಿ ಕೆತ್ತಿದ್ದು. ಬಂಡೆ ಉದುರಿದಾಗ, ನೀರು ಏರಿದಾಗ ಈ ದಾರಿಯನ್ನು ಮುಚ್ಚುವುದುಂಟು. ಆದ್ದರಿಂದ ಹೊರಡುವ ಮುನ್ನ ಊರಿನ ಫಲಕ ನೋಡಿ.

ದಾರಿ ತಪ್ಪುವ ಭಯ ಬೇಡ, ಗುರುತು ಓದಲು ಬಂದರೆ ಸಾಕು. ಮರಕ್ಕೋ ಕಲ್ಲಿಗೋ ಬಳಿದ ಎರಡು ಅಡ್ಡಪಟ್ಟಿ, ಮೇಲೆ ಬಿಳಿ ಕೆಳಗೆ ಕೆಂಪು ಇದ್ದರೆ ಅದು ದೂರದ ಕಾಲುದಾರಿ. ಹಳದಿ ಪಟ್ಟಿ ಸ್ಥಳೀಯ ಸುತ್ತುದಾರಿಯದು. ಅದೇ ಬಣ್ಣಗಳಲ್ಲಿ ಕತ್ತರಿ ಗುರುತು ಕಂಡರೆ ಆ ಕಡೆ ಹೋಗಬೇಡಿ. ಹತ್ತು ನಿಮಿಷ ನಡೆದರೂ ಗುರುತೇ ಸಿಗದಿದ್ದರೆ ಕೊನೆಯ ಗುರುತಿನ ತನಕ ವಾಪಸು ಬನ್ನಿ. ‘ಮುಂದೆ ಎಲ್ಲೋ ಸೇರುತ್ತೆ’ ಎಂದು ಮುಂದುವರಿದವರೇ ಸಂಜೆ ಪರದಾಡುವುದು. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಫ್ರೆಂಚ್ ಸರ್ಕಾರಿ ನಕಾಶೆ ಸಂಸ್ಥೆ ಐಜಿಎನ್‌ನ 1:25,000 ನಕಾಶೆಯನ್ನು ಮೊದಲೇ ಇಳಿಸಿಕೊಳ್ಳಿ. ಅದರಲ್ಲಿ 1 ಸೆಂಟಿಮೀಟರ್ ಅಂದರೆ 250 ಮೀಟರ್.

ಎಳೆದಾರಿ ಮುಗಿದ ಮೇಲೆ ಏರು. ಊರು ನದಿಯಿಂದ ಸುಮಾರು 100 ಮೀಟರ್ ಎತ್ತರದಲ್ಲಿ ಬಂಡೆಯಂಚಿಗೆ ಅಂಟಿಕೊಂಡಿದೆ. ಇಲ್ಲಿನ ಹೆಸರಾಂತ ಕಸುಬು ವೈನ್ ಪೀಪಾಯಿಗೆ ಮರದ ನಲ್ಲಿ ಕಡೆಯುವುದಾಗಿತ್ತು. ಸುತ್ತಲ ಇಳಿಜಾರಿನಲ್ಲಿ ಬೆಳೆಯುವ ‘ಬಾಕ್ಸ್’ ಎಂಬ ಪೊದೆಯ ಗಟ್ಟಿ ಮರವೇ ಅದಕ್ಕೆ ಮೂಲ. ಪೊದೆಯನ್ನು ಗುಡ್ಡ ಕೊಟ್ಟಿತು, ಪೀಪಾಯಿಯನ್ನು ದ್ರಾಕ್ಷಿತೋಟ ಕೇಳಿತು, ಮಾಲನ್ನು ನದಿ ಹೊತ್ತೊಯ್ದಿತು. ಮನೆಗಳನ್ನು ನೋಡುವಾಗ ಕಣ್ಣನ್ನು ಮೂರು ಕಡೆ ಇಡಿ. ಕಡಿದಾದ ಮಾಡಿನ ಮೇಲಿನ ಕಂದು ಚಪ್ಪಟೆ ಹೆಂಚು, ಬೀದಿಯ ಮೇಲಕ್ಕೆ ಚಾಚಿಕೊಂಡ ಮರದ ಚೌಕಟ್ಟಿನ ಮೇಲಂತಸ್ತು, ಮತ್ತು ಹೊರಗಿನ ಮೆಟ್ಟಿಲು ಹತ್ತಿದರೆ ಸಿಗುವ ಮಾಡಿನ ಜಗಲಿ. ಈ ಜಗಲಿಗೆ ಕೆರ್ಸಿಯಲ್ಲಿ ‘ಬೊಲೆ’ ಎನ್ನುತ್ತಾರೆ. ಅದರ ಕೆಳಗಿನ ತಂಪು ಕೋಣೆ ವೈನಿಗೋ ದನಕರುಗಳಿಗೋ, ಮನುಷ್ಯರ ವಾಸ ಮೇಲೆ. ಅತಿವಾಸ್ತವವಾದಿ ಕವಿ ಆಂದ್ರೆ ಬ್ರೆತೋಂ 1950ರಲ್ಲಿ ಈ ಊರನ್ನು ಕಂಡು ಮನಸೋತು, ಮನೆ ಕೊಂಡು, ಬೇಸಿಗೆಗಳನ್ನು ಇಲ್ಲಿ ಕಳೆದರು.

‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಎಂಬ ಸಂಘದ ಪಟ್ಟಿಯಲ್ಲಿ ಈ ಊರಿದೆ. ಕೆಂಪು ಕಲ್ಲಿನ ಊರು ಕೊಲೋಂಝ್-ಲಾ-ರೂಝ್‌ನ ಮೇಯರ್ ಶಾರ್ಲ್ ಸೆರಾಕ್ 1982ರಲ್ಲಿ ಕಟ್ಟಿದ ಸಂಘ ಅದು. ಜನಸಂಖ್ಯೆ 2,000 ಮೀರಬಾರದು, ಕನಿಷ್ಠ ಎರಡು ಸಂರಕ್ಷಿತ ಸ್ಮಾರಕ ಅಥವಾ ತಾಣಗಳಿರಬೇಕು. ಒಳ್ಳೆಯ ಪಟ್ಟಿಯೇ. ಆದರೆ ಅದನ್ನು ಹಿಡಿದು ದಿನಕ್ಕೆ ಐದು ಊರು ಮುಗಿಸುವ ಪ್ರವಾಸ ನನಗೆ ನಷ್ಟವಾಗಿಯೇ ಕಾಣುತ್ತದೆ. ಮೂರು ದಿನ ಇದ್ದರೆ ಒಂದೇ ಕಣಿವೆ ಹಿಡಿಯಿರಿ. ಪಕ್ಕದ ಸೆಲೆ ನದಿಯ ದಂಡೆಯ ಮಾರ್ಸಿಯಾಕ್‌ನಲ್ಲಿ ಮಠದ ಪಾಳುಗೋಡೆಗಳ ನಡುವೆ ಕೂರಬಹುದು, ಬಸ್ಸುಗಟ್ಟಲೆ ಜನ ಅಲ್ಲಿಲ್ಲ.

ಕಾಬ್ರರೆ ಊರಿನ ಮೇಲಿರುವ ಪೆಶ್ ಮೆರ್ಲ್ ಗುಹೆಗೆ ಮಾತ್ರ ಮುಂಗಡ ಟಿಕೆಟ್ ಇಲ್ಲದೆ ಹೋಗಬೇಡಿ. 1922ರಲ್ಲಿ ಹದಿಹರೆಯದವರು ಒಳಹೊಕ್ಕು ಕಂಡ ಗುಹೆ ಇದು. ಚುಕ್ಕಿ ಕುದುರೆಗಳ ಚಿತ್ರಕ್ಕೆ ಸುಮಾರು 29,000 ವರ್ಷ, ಪಕ್ಕದಲ್ಲೇ ಅಂಗೈಯ ಅಚ್ಚುಗಳು. ಇಂಥದೇ ಪುರಾತನ ಚಿತ್ರಗಳಿರುವ ಲಾಸ್ಕೋ ಗುಹೆಯನ್ನು 1963ರಲ್ಲೇ ಸಾರ್ವಜನಿಕರಿಗೆ ಮುಚ್ಚಿದರು, ಅಲ್ಲಿ ಈಗ ತೋರಿಸುವುದು ಪ್ರತಿಕೃತಿ. ಇಲ್ಲಿ ಮೂಲವನ್ನೇ ನೋಡಬಹುದು. ಜನರ ಉಸಿರು, ಬಿಸಿ ಚಿತ್ರಗಳನ್ನು ಕೆಡಿಸದಿರಲೆಂದು ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇದೆ. ಒಳಗೆ 12 ಡಿಗ್ರಿ ಆಸುಪಾಸು. ಹೊರಗೆ ಬೆವರಿಳಿಯುತ್ತಿದ್ದರೂ ಸ್ವೆಟರ್ ಕೈಯಲ್ಲಿರಲಿ.

ಕಣಿವೆ ಬಿಟ್ಟು ಮೇಲೆ ಹತ್ತಿದರೆ ಬೇರೆಯೇ ಲೋಕ, ‘ಕೋಸ್’ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿ. ಕುಳ್ಳ ಓಕ್ ಮರಗಳು, ಜೂನಿಪರ್ ಪೊದೆ, ಕಣ್ಣಿನ ಸುತ್ತ ಕನ್ನಡಕದಂತೆ ಕಪ್ಪು ಬಣ್ಣದ ಕುರಿಗಳು. ಬಿದ್ದ ಮಳೆಯೆಲ್ಲ ಕಲ್ಲಿನ ಸಂದಿಯಲ್ಲಿ ಇಂಗಿಹೋಗುವುದರಿಂದ ಮೇಲೆ ಹಳ್ಳ, ತೊರೆ ಇಲ್ಲ. ಒಬ್ಬರಿಗೆ ಎರಡು ಲೀಟರ್ ನೀರು ಬೇಕೇ ಬೇಕು. ನಡೆಯುವವರಿಗೆ ಗೊತ್ತಿರುವ ಒಂದು ಉಪಾಯ ಹೇಳುತ್ತೇನೆ: ಊರಿನ ಸ್ಮಶಾನದಲ್ಲಿ ಹೂಗಿಡಕ್ಕೆಂದು ಸಾಮಾನ್ಯವಾಗಿ ನಲ್ಲಿ ಇರುತ್ತದೆ. ‘ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ. ಓಕ್ ಕಾಡಿನೊಳಗೂ ಗಾರೆಯಿಲ್ಲದ ಕಲ್ಲುಗೋಡೆಗಳು ಸಿಕ್ಕಿ ಅಚ್ಚರಿಯಾಗಬಹುದು. ಅವು ಹಳೆಯ ಹೊಲ, ದ್ರಾಕ್ಷಿತೋಟಗಳ ಗಡಿ. 1870ರ ದಶಕದಲ್ಲಿ ಫಿಲೋಕ್ಸೆರಾ ಎಂಬ ಬೇರುಹೇನು ಬಂದು ಬಳ್ಳಿಗಳು ಸತ್ತವು, ಜನ ಊರು ಬಿಟ್ಟರು, ಕಾಡು ತುಂಬಿಕೊಂಡಿತು. ‘ಗಾರಿಯೋತ್’ ಎಂಬ ದುಂಡು ಕಲ್ಲುಗುಡಿಸಲುಗಳಲ್ಲಿ ಪ್ರತಿ ಸುತ್ತಿನ ಕಲ್ಲು ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚುತ್ತ ಮೇಲೆ ಕೂಡಿಕೊಳ್ಳುತ್ತದೆ. ಮಳೆನೀರು ಒಳಬಾರದಂತೆ ಕಲ್ಲನ್ನು ಹೊರಕ್ಕೆ ವಾಲಿಸಿ ಇಟ್ಟಿರುತ್ತಾರೆ. ದಯವಿಟ್ಟು ಈ ಗೋಡೆಗಳನ್ನು ಹತ್ತಬೇಡಿ. ಮೇಲಿನ ಒಂದು ಕಲ್ಲು ಜಾರಿದರೆ ಒಂದೆರಡು ಮಳೆಗಾಲದಲ್ಲಿ ಗೋಡೆ ಹೊಟ್ಟೆ ಬಿಟ್ಟು ಕುಸಿಯುತ್ತದೆ.

ಹೋಗುವುದು ಸುಲಭ. ಪ್ಯಾರಿಸ್ಸಿನ ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದಿಂದ ಆರ್‌ಇಆರ್ ಬಿ ರೈಲಿನಲ್ಲಿ ಗಾರ್ ದು ನೋರ್, ಅಲ್ಲಿಂದ 5ನೇ ಮೆಟ್ರೊದಲ್ಲಿ ಓಸ್ತೆರ್ಲಿಟ್ಸ್, ಅಲ್ಲಿಂದ ತುಲೂಸ್ ಕಡೆಯ ರೈಲಿನಲ್ಲಿ ಕಾಓರ್, ಐದು ಗಂಟೆಗೂ ಮೇಲೆ. ಕಾಓರಿನಿಂದ ಫಿಝಾಕ್ ಬಸ್ಸು ಕಣಿವೆಗುಂಟ ಹೋಗುತ್ತದೆ. ದಿನಕ್ಕೆ ಕೆಲವೇ ಬಸ್ಸು, ಭಾನುವಾರ ಇನ್ನೂ ಕಡಿಮೆ. ಹೋಗುವ ಬಸ್ಸಿಗಿಂತ ವಾಪಸು ಬರುವ ಬಸ್ಸಿನ ವೇಳೆ ಮೊದಲು ನೋಡಿಕೊಳ್ಳಿ. ಮೇ, ಜೂನ್ ಮೊದಲರ್ಧ, ಸೆಪ್ಟೆಂಬರ್ ಒಳ್ಳೆಯ ಕಾಲ. ಸೆಪ್ಟೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಬೇಟೆಯ ಋತು, ಅದರಲ್ಲೂ ಭಾನುವಾರ ದೂರಕ್ಕೆ ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿ. ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿ ಹತ್ತುತ್ತದೆ, ಲೈಮ್ ಎಂಬ ಸೋಂಕು ಕಾಯಿಲೆ ತರಬಲ್ಲದು. ಉದ್ದ ಪ್ಯಾಂಟು ಹಾಕಿ, ಸಂಜೆ ಮೊಣಕಾಲ ಹಿಂದೆ, ಕಂಕುಳಲ್ಲಿ ಹುಡುಕಿ. ಔಷಧಿ ಅಂಗಡಿಯಲ್ಲಿ ‘ತೀರ್-ತಿಕ್’ ಎಂಬ ಕೊಕ್ಕೆ ಸಿಗುತ್ತದೆ. ಅದರಿಂದ ತಿರುಗಿಸಿ ತೆಗೆಯಿರಿ, ಎಣ್ಣೆ ಹಚ್ಚಬೇಡಿ.

ಊಟದ ವಿಷಯದಲ್ಲಿ ಗಡಿಯಾರವೇ ದೊಡ್ಡ ಯಜಮಾನ. ಮಧ್ಯಾಹ್ನ 12ರಿಂದ ಒಂದೂವರೆಯೊಳಗೆ ಕೂರಬೇಕು, ಎರಡರ ಮೇಲೆ ಅಡುಗೆಮನೆ ಮುಚ್ಚಿರುತ್ತದೆ. ಸೋಮವಾರ ಅನೇಕ ಅಂಗಡಿಗಳು ತೆರೆಯುವುದೇ ಇಲ್ಲ, ಭಾನುವಾರವೇ ಬ್ರೆಡ್, ಹಣ್ಣು, ಮೇಕೆ ಹಾಲಿನ ರೊಕಾಮಾದೂರ್ ಚೀಸ್ ಕೊಂಡಿಟ್ಟುಕೊಳ್ಳಿ. ಒಳಗೆ ಕಾಲಿಟ್ಟ ಕೂಡಲೇ ‘ಬೋಂಝೂರ್’ ಹೇಳದೆ ಬೆಲೆ ಕೇಳಿದರೆ ಒರಟುತನವೆಂದೇ ತಿಳಿಯುತ್ತಾರೆ. ಸಸ್ಯಾಹಾರಿಗಳು ಸಲಾಡ್ ಎಂದು ನಂಬಿ ಕೂರಬೇಡಿ, ಈ ಸೀಮೆಯ ಸಲಾಡಿನಲ್ಲಿ ಬಾತುಕೋಳಿಯ ಗಿಜರ್ಡು, ಅಂದರೆ ಜಠರದ ಮಾಂಸ, ಸಾಮಾನ್ಯ. ‘ಸಾಂ ವ್ಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ’ ಎನ್ನಿ. ಮಾಂಸ, ಮೀನು, ಹಂದಿಮಾಂಸದ ತುಣುಕು ಬೇಡ ಎಂದರ್ಥ. ಗೀತ್ ಎಂಬ ವಸತಿಗಳಲ್ಲಿ ರಾತ್ರಿ ಎಲ್ಲರಿಗೂ ಒಂದೇ ಅಡುಗೆ, ಇದನ್ನು ಕೋಣೆ ಕಾದಿರಿಸುವಾಗಲೇ ತಿಳಿಸಬೇಕು.

ಒಂದು ರಾತ್ರಿಯಾದರೂ ಊರಲ್ಲೋ ಮೇಲಿನ ಕೋಸ್‌ನಲ್ಲೋ ಉಳಿಯಿರಿ. ಸಂಜೆ ಆರರ ಹೊತ್ತಿಗೆ ಬಸ್ಸುಗಳು ಹೊರಟುಹೋಗಿ ಕಲ್ಲುಬೀದಿಯಲ್ಲಿ ನಿಮ್ಮ ಹೆಜ್ಜೆ ನಿಮಗೇ ಕೇಳಿಸುತ್ತದೆ. ಫ್ರಾನ್ಸಿನಲ್ಲಿ ಬೆಳಕಿನ ಮಾಲಿನ್ಯ ತೀರ ಕಡಿಮೆ ಇರುವ ಜಾಗಗಳಲ್ಲಿ ಈ ಪ್ರಸ್ಥಭೂಮಿಯೂ ಒಂದು, ‘ಕೆರ್ಸಿಯ ಕಪ್ಪು ತ್ರಿಕೋನ’ ಎಂದೇ ಅದಕ್ಕೆ ಹೆಸರು. ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿಕೊಂಡು, ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಮೊಬೈಲು ಜೇಬಿನಲ್ಲಿಟ್ಟು ನಿಲ್ಲಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು.