ತಲೆ ಬಾಚ್ಕೊಂಡಿಲ್ವೇನೇ?

ನೇರ ಕೂದಲಿನವರ ತಲೆ ಅವರ ಸ್ವಂತದ್ದು. ಗುಂಗುರು ಕೂದಲಿನವರ ತಲೆ ಊರ ಗೋಮಾಳ. ಯಾರು ಬೇಕಾದರೂ ನುಗ್ಗಬಹುದು. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತ, ಗುರುತು ಪರಿಚಯ ಇಲ್ಲದ ಹೆಂಗಸೊಬ್ಬರು ನನ್ನ ಒಂದು ಸುರುಳಿ ಹಿಡಿದು ಎಳೆದಿದ್ದಾರೆ. ಬಿಟ್ಟ ಕೂಡಲೇ ಅದು ಟಕ್ ಅಂತ ವಾಪಸ್ ಹೋಗಿದ್ದನ್ನು ನೋಡಿ, ಪಕ್ಕದಲ್ಲಿದ್ದ ಮಗನಿಗೆ "ನೀನೂ ಎಳೆದು ನೋಡೋ" ಅಂದಿದ್ದಾರೆ. ಅವನೂ ಎಳೆದ. ಆಮೇಲೆ ನನ್ನ ಕಡೆ ಬಗ್ಗಿ "ಒರಿಜಿನಲ್ಲಾ?" ಅಂತ ಕೇಳಿದರು. ನಕಲಿ ಆಗಿದ್ದರೆ ಇಷ್ಟು ಕಷ್ಟಪಡುತ್ತಿದ್ದೆನಾ ಅಂತ ಬಾಯಿಗೆ ಬಂತು. ಸುಮ್ನೆ ನಕ್ಕೆ.

ಇನ್ನು ನಮ್ಮ ಬಳಗದ ವಿಷಯ. ಮದುವೆ ಇರಲಿ, ಸತ್ಯನಾರಾಯಣ ಪೂಜೆ ಇರಲಿ, ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಯಾರೋ ಒಬ್ಬ ಅತ್ತೆ ಕೇಳುತ್ತಾರೆ. "ಹೊರಡೋ ಗಡಿಬಿಡೀಲಿ ತಲೆ ಬಾಚ್ಕೊಂಡಿಲ್ವೇನೇ?" ಬಾಚಿದ್ದಕ್ಕೇ ಹೀಗಾಗಿದ್ದು ಅಂದರೆ ಯಾರೂ ನಂಬುವುದಿಲ್ಲ.

ಆದರೆ ನಿಜ ಅದೇ. ಗುಂಗುರು ಕೂದಲನ್ನು ಒಣಗಿದ ಮೇಲೆ ಬಾಚಬಾರದು. ಬಾಚಿದರೆ ಒಟ್ಟಿಗೆ ಸುತ್ತಿಕೊಂಡ ಎಳೆಗಳೆಲ್ಲ ಬಿಡಿಬಿಡಿಯಾಗಿ, ಒಂದೊಂದೂ ತನಗೆ ತೋಚಿದ ದಿಕ್ಕಿಗೆ ಹೊರಡುತ್ತದೆ. ಒದ್ದೆ ಇರುವಾಗಲೇ ಕಂಡೀಷನರ್ ಹಚ್ಚಿ, ಅಗಲ ಹಲ್ಲಿನ ಹಣಿಗೆ ಹಿಡಿದು, ತುದಿಯಿಂದ ಶುರು ಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿಕೊಂಡು ಬರಬೇಕು. ಆಮೇಲೆ ಪೂರ್ತಿ ಒಣಗುವವರೆಗೂ ಮುಟ್ಟಬಾರದು. ಈ ಮುಟ್ಟಬಾರದು ಅನ್ನೋದೇ ಕಷ್ಟ. ನನಗಲ್ಲ, ಮಿಕ್ಕವರಿಗೆ.

ನಮ್ಮೂರು ತೀರ್ಥಹಳ್ಳಿ ಕಡೆ. ಶಾಲೆಗೆ ಎರಡು ಜಡೆ ಹೆಣೆದು, ಮಡಿಸಿ, ರಿಬ್ಬನ್ ಕಟ್ಟಿಕೊಂಡೇ ಹೋಗಬೇಕಿತ್ತು. ಅಮ್ಮ ಜಗಲಿಯ ಮೇಲೆ, ನಾನು ಕೆಳಗಿನ ಮೆಟ್ಟಿಲ ಮೇಲೆ. ನನ್ನ ತಲೆ ಅವಳ ಎರಡು ಮೊಣಕಾಲಿನ ನಡುವೆ. ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದು, ಉಜ್ಜಿ, ನೆತ್ತಿಯಿಂದ ಒಂದೇ ಸಲಕ್ಕೆ ಹಣಿಗೆ ಎಳೆಯುತ್ತಿದ್ದಳು. ಅದು ಕಿವಿ ಹತ್ತಿರ ಬಂದು ನಿಲ್ಲುತ್ತಿತ್ತು. ಅಮ್ಮ ಎಳೆಯುವುದನ್ನು ನಿಲ್ಲಿಸುತ್ತಿರಲಿಲ್ಲ. ಚಟ್ ಅಂತ ಒಂದು ಸದ್ದು. ಮುರಿದದ್ದು ಹಣಿಗೆಯ ಹಲ್ಲು. ಮಧ್ಯಾಹ್ನ ಗಣಿತದ ತರಗತಿಯಲ್ಲಿ ನಾನು ತಲೆ ಕೆರೆದುಕೊಂಡರೆ ಆ ಹಲ್ಲು ಉದುರಿ ನೋಟ್‌ಬುಕ್ಕಿನ ಮೇಲೆ ಬೀಳುತ್ತಿತ್ತು.

ಅಷ್ಟೆಲ್ಲ ಎಣ್ಣೆ ಹಾಕಿ ಬಿಗಿದರೂ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಹಣೆಯ ಮೇಲಿನ ಕೂದಲು ಎದ್ದು ನಿಲ್ಲುತ್ತಿತ್ತು. ಕವಿಗಳು ಹಾಡಿ ಹೊಗಳಿದ್ದು ಈ ನಾಲ್ಕು ಎಳೆಯನ್ನೇ. ಹಿಂದೆ ಉಳಿದ ರಾಶಿಯ ಬಗ್ಗೆ ಒಬ್ಬರೂ ಬರೆದ ಹಾಗೆ ಕಾಣೆ. ಪ್ರಾಥಮಿಕ ಶಾಲೆಯಲ್ಲಿ ನನ್ನನ್ನು 'ಸಾಯಿಬಾಬಾ' ಅಂತ ಕರೆಯುತ್ತಿದ್ದರು. ಹೈಸ್ಕೂಲಿಗೆ ಬರುವಷ್ಟರಲ್ಲಿ ಕಾಲ ಬದಲಾಗಿ 'ಮ್ಯಾಗಿ' ಆಯಿತು. ನನ್ನ ನಿಜವಾದ ಹೆಸರು ಹಾಜರಿ ಹಾಕುವಾಗ ಮಾತ್ರ ಕೇಳಿಸುತ್ತಿತ್ತು.

ಮನೆಯಲ್ಲಿ ಅಮ್ಮನದು ಒಂದೇ ಮಾತು: "ಇದು ನಮ್ಮ ಕಡೆಯದಲ್ಲ." ಅವಳ ಕೂದಲು ನೀರು ಇಳಿದ ಹಾಗೆ ನೇರ. ಹಾಗಾದರೆ ಅಪ್ಪನ ಕಡೆಯದೇ ಇರಬೇಕು. ಆದರೆ ಅಪ್ಪನ ತಲೆಯಲ್ಲಿ ಈಗ ಸಾಕ್ಷಿ ಹೇಳಲು ಒಂದು ಕೂದಲೂ ಉಳಿದಿಲ್ಲ. ಕೇಸು ಹಾಗೇ ಬಾಕಿ ಇದೆ.

ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದೆ. ಅಲ್ಲಿ ಇನ್ನೊಂದು ಕಥೆ. ಪಿಜಿಯಲ್ಲಿ ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತದಲ್ಲ, ಆ ಕ್ಯಾಲ್ಸಿಯಂ, ಮೆಗ್ನೀಸಿಯಂ ತಲೆಗೂ ಕೂರುತ್ತದೆ. ಅದೂ ಅಲ್ಲದೆ ಗುಂಗುರು ಕೂದಲು ಹುಟ್ಟಾ ಒಣಕಲು. ನೆತ್ತಿಯಲ್ಲಿ ಬರುವ ಜಿಡ್ಡು ನೇರ ಕೂದಲಾದರೆ ಸರಾಗವಾಗಿ ತುದಿಗೆ ಇಳಿಯುತ್ತದೆ. ಇಲ್ಲಿ ಅದು ಘಾಟಿಯ ತಿರುವು ಸುತ್ತಿ ಬರುವಷ್ಟರಲ್ಲಿ ಮುಂದಿನ ತಲೆಸ್ನಾನದ ದಿನ ಬಂದಿರುತ್ತದೆ.

ತುದಿ ಒಡೆದಿದೆ, ಸ್ವಲ್ಪ ಕತ್ತರಿಸಿಕೊಂಡು ಬರೋಣ ಅಂತ ಒಂದು ಪಾರ್ಲರಿಗೆ ಹೋದೆ. ಅಲ್ಲಿನ ಹುಡುಗಿ ನನ್ನ ಕ್ಲಿಪ್ ತೆಗೆದವಳೇ ಒಳಗೆ ತಿರುಗಿ "ಅಕ್ಕಾ, ಸ್ವಲ್ಪ ಬನ್ನಿ ಇಲ್ಲಿ" ಅಂದಳು. ಅಕ್ಕ ಬಂದರು. ಅವರ ಹಿಂದೆ ಫೇಶಿಯಲ್ ಮಾಡಿಸಿಕೊಳ್ಳುತ್ತಿದ್ದ ಗಿರಾಕಿಯೂ ಬಂದರು, ಮುಖದ ಮೇಲಿನ ಪ್ಯಾಕ್ ಸಮೇತ. ಸಭೆ ಸೇರಿ ಚರ್ಚೆಯಾಯಿತು. ಕೊನೆಗೆ ನೀರು ಸಿಂಪಡಿಸಿ, ಎಳೆದು ನೇರ ಮಾಡಿ, ನಾನು ಹೇಳಿದ ಹಾಗೆ ಭುಜದ ಅಳತೆಗೆ ಕತ್ತರಿಸಿದಳು. ಡ್ರೈಯರ್ ಹಿಡಿದಳು. ಕನ್ನಡಿಯಲ್ಲಿ ನೋಡುತ್ತಾ ಇದ್ದೇನೆ, ಕೂದಲು ಒಣಗುತ್ತಾ ಒಣಗುತ್ತಾ ಮೇಲೇರುತ್ತಿದೆ. ಭುಜ ಬಿಟ್ಟಿತು, ಕತ್ತು ಬಿಟ್ಟಿತು, ಕಿವಿಯ ಹತ್ತಿರ ಬಂದು ನಿಂತಿತು. "ಮೇಡಮ್, ನೀವು ಭುಜದವರೆಗೆ ಅಂದ್ರಿ, ನಾನು ಭುಜದವರೆಗೇ ಕತ್ತರಿಸಿದ್ದು" ಅಂದಳು. ಅದೂ ಸತ್ಯವೇ. ಅದರ ಹಿಂದೆಯೇ "ಒಂದು ಸ್ಮೂದನಿಂಗ್ ಮಾಡಿಸಿಬಿಡಿ, ಎಲ್ಲ ಸರಿ ಹೋಗುತ್ತೆ" ಅಂದಳು.

ಅದನ್ನು ಮಾಡಿಸಲಿಲ್ಲ. ಸ್ಮೂದನಿಂಗ್, ರೀಬಾಂಡಿಂಗ್ ಮಾಡಿಸಿಕೊಂಡ ಗೆಳತಿಯರ ಪಾಡು ನೋಡಿದ್ದೇನೆ. ರಾಸಾಯನಿಕ ಹಚ್ಚಿ ಕೂದಲಿನ ಆಕಾರ ಬದಲಾಯಿಸಬಹುದು. ಬುಡಕ್ಕೆ ಆ ಸುದ್ದಿ ಮುಟ್ಟುವುದೇ ಇಲ್ಲ. ಅದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಲೆಕ್ಕದಲ್ಲಿ ಗುಂಗುರನ್ನೇ ಹೊರಗೆ ಕಳಿಸುತ್ತಾ ಇರುತ್ತದೆ. ಆರು ತಿಂಗಳಿಗೆ ಮೇಲರ್ಧ ನಾನು, ಕೆಳಗರ್ಧ ಪಾರ್ಲರ್.

ಆದರೆ ದೊಡ್ಡಪ್ಪನ ಮಗಳ ಮದುವೆಗೆ ಅಂತ ಐರನ್ ಮಾಡಿಸಿಕೊಂಡೆ. ಮದುವೆ ಉಡುಪಿಯಲ್ಲಿ. ತಿಂಗಳು ಮೇ. ಇಷ್ಟು ಹೇಳಿದರೆ ಕರಾವಳಿಯವರಿಗೆ ಮುಂದಿನದು ಅರ್ಥವಾಯಿತು. ಮಿಕ್ಕವರಿಗೆ ಸ್ವಲ್ಪ ವಿವರಿಸುತ್ತೇನೆ. ಕೂದಲೊಳಗೆ ಕೆರಾಟಿನ್ ಅನ್ನೋ ಪ್ರೋಟೀನ್ ಇದೆ. ಅದರ ಎಳೆಗಳನ್ನು ಹಿಡಿದಿಡುವ ಬಂಧಗಳಲ್ಲಿ ಗಂಧಕದ್ದು ಗಟ್ಟಿ, ಹೈಡ್ರೋಜನ್ನಿನದು ಪುಸ್ಕಲು. ಇಸ್ತ್ರಿ ಬಿಸಿಗೆ ಈ ಪುಸ್ಕಲು ಬಂಧಗಳು ಬಿಚ್ಚಿಕೊಂಡು, ಕೂದಲು ನೇರ ಇದ್ದ ಹಾಗೆಯೇ ಮತ್ತೆ ಕೂಡಿಕೊಳ್ಳುತ್ತವೆ. ಆದರೆ ಅವಕ್ಕೆ ನೀರು ಕಂಡರೆ ಆಯಿತು, ಮತ್ತೆ ಬಿಚ್ಚಿ ಹಳೇ ಸುರುಳಿಗೆ ಓಡುತ್ತವೆ. ಉಡುಪಿಯ ಮೇ ತಿಂಗಳಲ್ಲಿ ನೀರು ಬೇಕು ಅಂತ ಹುಡುಕಬೇಕಾಗಿಲ್ಲ. ಗಾಳಿಯಲ್ಲೇ ಇರುತ್ತದೆ.

ನಾಂದಿಯ ಹೊತ್ತಿಗೆ ನನ್ನ ಕೂದಲು ಬೆನ್ನ ಮೇಲೆ ರೇಷ್ಮೆಯ ಹಾಗೆ ಬಿದ್ದಿತ್ತು. ಬೆಳಿಗ್ಗೆ ತಿಂಡಿಗೆ ನನ್ನನ್ನು ನೋಡಿದ ಅತ್ತೆಯಂದಿರು ಬಾಯ್ತುಂಬ ಹೊಗಳಿದರು. ಧಾರೆಯ ಹೊತ್ತಿಗೆ ಫ್ಯಾನಿನ ಕಡೆ ಇದ್ದ ಅರ್ಧ ನೇರ, ಹೋಮದ ಕಡೆ ಬೆವರಿದ ಅರ್ಧ ಗುಂಗುರು. ಊಟದ ಪಂಕ್ತಿಗೆ ಕೂರುವಾಗ ಪೂರ್ತಿ ವಾಪಸ್ ಬಂದಿತ್ತು. ಹೋಳಿಗೆ ಬಡಿಸುವ ಹೊತ್ತಿಗೆ ಗಂಡಿನ ಕಡೆಯ ಒಬ್ಬ ಅಜ್ಜಿ ನನ್ನ ಪಕ್ಕ ಕೂತು, ತಗ್ಗಿದ ದನಿಯಲ್ಲಿ ಕೇಳಿದರು. "ಬೆಳಿಗ್ಗೆ ಒಬ್ಬಳು ಉದ್ದ ಕೂದಲಿನ ಹುಡುಗಿ ಓಡಾಡ್ತಾ ಇದ್ದಳಲ್ಲ, ಇದೇ ಬಣ್ಣದ ಸೀರೆ. ಯಾರ ಮಗಳು ಮಾರಾಯ್ತಿ ಅವಳು? ನಮ್ಮ ಮೊಮ್ಮಗನಿಗೆ ಕೇಳುವಾಂತ." ನನಗೆ ಗೊತ್ತಿಲ್ಲ ಅಜ್ಜಿ, ಊರಿಗೆ ಹೋಗಿರಬೇಕು ಅಂದೆ.

ಹೀಗೆಲ್ಲ ಆದಾಗ ನಾನು ಕಾರ್ಲ್ ನೆಸ್ಲರ್‌ನ ಹೆಂಡತಿಯನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತೇನೆ. ಈ ನೆಸ್ಲರ್ ಜರ್ಮನಿಯವನು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಲಂಡನ್ನಿನಲ್ಲಿ ಕೂತು, ನೇರ ಕೂದಲನ್ನು ಗುಂಗುರು ಮಾಡುವ ಕರೆಂಟಿನ ಯಂತ್ರ ಕಂಡುಹಿಡಿದ. ತಲೆಗೆ ಭಾರದ ಹಿತ್ತಾಳೆ ರೋಲರುಗಳನ್ನು ಸುತ್ತಿ, ಬಿಸಿ ಮಾಡಿ, ಗಂಟೆಗಟ್ಟಲೆ ಕೂರಿಸುತ್ತಿದ್ದ. ಮೊದಲು ಪ್ರಯೋಗ ಮಾಡಿದ್ದು ಈ ಹೆಂಡತಿ ಕ್ಯಾಥರೀನಾಳ ತಲೆಯ ಮೇಲೆ. ಶುರುವಿನಲ್ಲಿ ಕೂದಲೇ ಸುಟ್ಟುಹೋಯಿತು. ನನಗೆ ಪುಕ್ಕಟೆ ಸಿಕ್ಕಿದ್ದಕ್ಕೆ ಜನ ಅಷ್ಟೆಲ್ಲ ಪಾಡು ಪಟ್ಟಿದ್ದಾರೆ.

ವರ್ಕ್ ಫ್ರಮ್ ಹೋಮ್ ಬಂದ ಮೇಲೆ ನಾನು ಹೆಚ್ಚಾಗಿ ಊರಿನಲ್ಲೇ ಇರುತ್ತೇನೆ. ಹೊತ್ತು ಸಿಕ್ಕಿತು ಅಂತ ಯೂಟ್ಯೂಬ್ ನೋಡಿ ಗುಂಗುರು ಕೂದಲಿನ ಶಾಸ್ತ್ರ ಕಲಿಯಲು ಹೊರಟೆ. ಅದರಲ್ಲೂ ವರ್ಗೀಕರಣ ಇದೆ. ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀಗೆ ತಲೆ ಬಾಚುತ್ತಿದ್ದ ಆಂಡ್ರೆ ವಾಕರ್ ಮಾಡಿದ್ದು. 1 ಅಂದರೆ ನೇರ, 2 ಅಂದರೆ ಅಲೆ, 3 ಗುಂಗುರು, 4 ಇನ್ನೂ ಬಿಗಿ. ಅದರೊಳಗೆ ಎ, ಬಿ, ಸಿ. ನನ್ನದು ಮುಂದೆ 3ಬಿ, ಹಿಂದೆ 2ಸಿ, ಕಿವಿಯ ಹಿಂದೆ ಯಾವ ಪಟ್ಟಿಗೂ ಸೇರದ್ದು. ನಿಯಮಗಳೋ, ಮಡಿ ಮೈಲಿಗೆಗಿಂತ ಜಾಸ್ತಿ. ಸಲ್ಫೇಟ್ ಇರುವ ಶಾಂಪೂ ಮುಟ್ಟಬಾರದು, ಸಿಲಿಕೋನ್ ಇರುವ ಕಂಡೀಷನರ್ ಮುಟ್ಟಬಾರದು, ಟರ್ಕಿ ಟವೆಲ್ ಅಂತೂ ಹತ್ತಿರವೇ ಬರಬಾರದು. ನಯವಾದ ಹಳೇ ಕಾಟನ್ ಟೀಶರ್ಟಿನಲ್ಲಿ ತಲೆ ಸುತ್ತಿಕೊಳ್ಳಬೇಕಂತೆ. ನಮ್ಮ ಮನೆಯಲ್ಲಿ ಅಷ್ಟು ನಯವಾಗಿ ಸವೆದ ಬಟ್ಟೆ ಅಂದರೆ ಅಪ್ಪನ ತೋಳಿನ ಬನಿಯನ್ ಒಂದೇ. ಅದನ್ನು ಸುತ್ತಿಕೊಂಡು, ಎರಡು ತೋಳು ಕಿವಿಯ ಮೇಲೆ ಇಳಿಬಿಟ್ಟು ಕೂತಿದ್ದಾಗಲೇ ಪಕ್ಕದ ಮನೆಯವರು ಗೃಹಪ್ರವೇಶಕ್ಕೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಬಂದರು. ಹಣೆ ಹುಡುಕಿ ಕುಂಕುಮ ಇಟ್ಟು, ಹೋಗುವಾಗ ಅಮ್ಮನ ಹತ್ತಿರ "ಹುಷಾರಾಗಿದಾಳಲ್ಲ?" ಅಂತ ಕೇಳಿ ಹೋದರು.

ಆಮೇಲೆ ಅಗಸೆ ಬೀಜದ ಜೆಲ್. ಇದೊಂದು ಒಳ್ಳೆಯ ವಸ್ತು, ಖರ್ಚೂ ಕಮ್ಮಿ. ಬೀಜವನ್ನು ನೀರಿನಲ್ಲಿ ಕುದಿಸಿದರೆ ಲೋಳೆ ಬಿಡುತ್ತದೆ. ಬಿಸಿ ಇರುವಾಗಲೇ ಸೋಸಬೇಕು. ತಣ್ಣಗಾದರೆ ಬೀಜವೂ ಲೋಳೆಯೂ ಒಂದನ್ನೊಂದು ಬಿಡುವುದಿಲ್ಲ. ನಾನು ಸ್ಟವ್ ಆರಿಸುವುದಕ್ಕೂ ಆಫೀಸಿನ ಮೀಟಿಂಗ್ ಶುರುವಾಗುವುದಕ್ಕೂ ಸರಿಹೋಯಿತು. ಬಂದು ನೋಡಿದರೆ ಪಾತ್ರೆಯಲ್ಲಿ ಒಂದೇ ಮುದ್ದೆ. ಅಮ್ಮನ ಟೀ ಜರಡಿಗೆ ಹಾಕಿ, ಚಮಚದಲ್ಲಿ ಒತ್ತಿ, ತಿಕ್ಕಿ, ಅಂತೂ ಒಂದು ಡಬ್ಬಿ ತುಂಬಿಸಿದೆ. ಜರಡಿ ತೊಳೆದೂ ಇಟ್ಟೆ. ಸಂಜೆ ಅಡಿಕೆ ವ್ಯಾಪಾರಿ ಬಂದರು. ಅಮ್ಮ ಟೀ ಸೋಸಿದರೆ ಅದು ಲೋಟಕ್ಕೆ ಬೀಳಲಿಲ್ಲ, ನೂಲಾಗಿ ಇಳಿಯಿತು. ವ್ಯಾಪಾರಿ ಒಂದು ಗುಟುಕು ಕುಡಿದು, ಲೋಟ ನೋಡಿ, ಮತ್ತೊಂದು ಗುಟುಕು ಕುಡಿದು "ಎಮ್ಮೆ ಹಾಲಾ?" ಅಂದರು. ಪಾಪ, ಒಳ್ಳೆಯ ಮನುಷ್ಯ. ಮಿಕ್ಕ ಜೆಲ್ ಫ್ರಿಜ್ಜಿನಲ್ಲಿತ್ತು. ಮಾರನೇ ದಿನ ಅಪ್ಪ ಅದನ್ನು ದೋಸೆಗೆ ಹಚ್ಚಿಕೊಂಡು ತಿಂದು, ಉಪ್ಪು ಕಮ್ಮಿ ಅಂದರು.

ಈ ಜೆಲ್ ವಿಷಯ ಗೊತ್ತಾದ ಅತ್ತೆಯೊಬ್ಬರು "ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು" ಅಂದರು. ಅರ್ಧ ಒಪ್ಪುತ್ತೇನೆ. ಎಣ್ಣೆ ಸ್ನಾನದ ದಿನ ಬಚ್ಚಲಿನಲ್ಲಿ ದಾಸವಾಳದ ಸೊಪ್ಪು ಕಿವುಚಿ ತಲೆಗೆ ಹಾಕುತ್ತಿದ್ದರಲ್ಲ, ಆ ಲೋಳೆಗೆ ಸಿಕ್ಕು ಬೆಣ್ಣೆಯಂತೆ ಬಿಡುತ್ತಿತ್ತು. ದಾಸವಾಳಕ್ಕೆ ಪೂರ್ತಿ ಅಂಕ. ಆದರೆ ಅದೇ ಹಿರಿಯರು ಅದಾದ ಮೇಲೆ ಸೀಗೆಪುಡಿ ಹಾಕಿ ಗಸಗಸ ತಿಕ್ಕಿ, ಒಣಗಿಸಿ, ಹೇನು ಇರಲಿ ಇಲ್ಲದಿರಲಿ ಸೀರಣಿಗೆ ಹಾಕಿ ಎಳೆಯುತ್ತಿದ್ದರು. ಅದಕ್ಕೆ ಸೊನ್ನೆ.

ಅಪ್ಪ ಮಾತ್ರ ನನ್ನ ಕೂದಲಿನ ಬಗ್ಗೆ ಯಾವತ್ತೂ ತಲೆ ಹಾಕಿದವರಲ್ಲ. ತಪ್ಪು ನನ್ನದೋ ಏನೋ, ಒಂದು ಸಲ ಊಟಕ್ಕೆ ಕೂತಾಗ ಅವರಿಗೆ ಸೊಸ್ಯೂರ್ ಕಥೆ ಹೇಳಿದೆ. ಜಿನೀವಾದ ಈ ವಿಜ್ಞಾನಿ 1783ರಲ್ಲಿ ಗಾಳಿಯ ತೇವ ಅಳೆಯುವ ಉಪಕರಣದ ಬಗ್ಗೆ ಪುಸ್ತಕ ಬರೆದ. ಉಪಕರಣದೊಳಗೆ ಇದ್ದದ್ದು ಮನುಷ್ಯರ ಕೂದಲು. ತೇವ ಹೆಚ್ಚಾದರೆ ಕೂದಲು ಶೇಕಡ 2ರಷ್ಟು ಉದ್ದವಾಗುತ್ತದೆ, ಅದಕ್ಕೆ ಕಟ್ಟಿದ ಮುಳ್ಳು ತಿರುಗುತ್ತದೆ. ಹವಾಮಾನ ಕೇಂದ್ರಗಳಲ್ಲಿ ಕೂದಲಿನ ಉಪಕರಣ ಇಪ್ಪತ್ತನೇ ಶತಮಾನದಲ್ಲೂ ಕೆಲಸ ಮಾಡಿದೆ. "ಹಾಗಾಗಿ ನನ್ನ ತಲೆ ಕೆದರಿದ್ದಲ್ಲ, ವಿಜ್ಞಾನ" ಅಂದೆ. ಅಮ್ಮ ಸಾರು ಬಡಿಸಿ ಒಳಗೆ ಹೋದಳು. ಅಪ್ಪ ಉಣ್ಣುವುದನ್ನು ನಿಲ್ಲಿಸಿ ನನ್ನ ತಲೆಯನ್ನೇ ನೋಡಿದರು.

ಅಡಿಕೆ ಬೆಳೆಗಾರರಿಗೆ ಮಳೆ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ನಮ್ಮದು ಆಗುಂಬೆ ಇರುವ ತಾಲ್ಲೂಕು. ಮಳೆಗಾಲದ ಮಳೆಯಾದರೆ ಸರಿ, ಬರುತ್ತದೆ ಅಂತ ಗೊತ್ತಿರುತ್ತದೆ. ಕಷ್ಟ ಕೊಡುವುದು ಕೊಯ್ಲಿನ ಕಾಲದಲ್ಲಿ ಹೇಳದೆ ಕೇಳದೆ ಬರುವ ಮಳೆ. ಬೇಯಿಸಿ ಅಂಗಳದಲ್ಲಿ ಹರಡಿದ ಅಡಿಕೆ ನೆನೆದರೆ ಬೂಸ್ಟು ಹಿಡಿಯುತ್ತದೆ, ಬಣ್ಣ ಹೋಗುತ್ತದೆ, ರೇಟೂ ಹೋಗುತ್ತದೆ. ಅಪ್ಪ ಮಾರನೇ ಬೆಳಿಗ್ಗೆಯಿಂದ ಟಾರ್ಪಲ್ ತೆಗೆಯುವ ಮೊದಲು ನನ್ನನ್ನು ಜಗಲಿಗೆ ಕರೆಯಲು ಶುರು ಮಾಡಿದರು. ಕೂದಲು ಇಳಿದಿದ್ದರೆ ಅಡಿಕೆ ಹರಡುವುದು. ಎದ್ದಿದ್ದರೆ ಟಾರ್ಪಲ್ ಹಾಗೇ ಇರಲಿ ಅನ್ನುವುದು. ಮೊಬೈಲಿನ ಹವಾಮಾನದ ಆ್ಯಪ್‌ಗಿಂತ ಇದೇ ವಾಸಿ ಅಂತ ಅವರಿಗೆ ಗಟ್ಟಿ ನಂಬಿಕೆ ಬಂತು. ಆಚೆ ಮನೆಯ ಶೇಷಣ್ಣನೂ ಬೇಲಿಯಾಚೆಯಿಂದ "ಇವತ್ತು ಹೇಗಿದೆ?" ಅಂತ ಕೇಳುತ್ತಿದ್ದ. ಕೇಳುವುದು ನನ್ನ ಆರೋಗ್ಯವನ್ನಲ್ಲ.

ಕಾರ್ತಿಕದಲ್ಲಿ ಒಂದು ದಿನ ನನಗೆ ಆಫೀಸಿನ ದೊಡ್ಡ ವಿಡಿಯೊ ಮೀಟಿಂಗ್ ಇತ್ತು. ಹಿಂದಿನ ರಾತ್ರಿಯೇ ಅಗಸೆ ಜೆಲ್ ಧಾರಾಳವಾಗಿ ಹಚ್ಚಿ ಮಲಗಿದ್ದೆ. ಜೆಲ್ ಒಣಗಿದರೆ ಕೂದಲಿನ ಮೇಲೆ ತೆಳು ಪೊರೆ ಕೂರುತ್ತದೆ. ಗಾಳಿಯ ತೇವ ಅಷ್ಟು ಬೇಗ ಒಳಗೆ ಹೋಗುವುದಿಲ್ಲ. ಬೆಳಿಗ್ಗೆ ಜಗಲಿಗೆ ಬಂದಾಗ ಒಂದು ಎಳೆಯೂ ಎದ್ದಿರಲಿಲ್ಲ. ಅಪ್ಪ ನೋಡಿದರು, ಸಂತೋಷಪಟ್ಟರು, ಒಳಗಿದ್ದ ಅಡಿಕೆಯನ್ನೂ ತಂದು ಹರಡಿಸಿದರು. ಬೇಲಿಯಾಚೆ ಶೇಷಣ್ಣನೂ ಹರಡಿದ. ಹನ್ನೊಂದು ಗಂಟೆಗೆ ನಾನು ಮೀಟಿಂಗಿನಲ್ಲಿ ಮಾತಾಡುತ್ತಿದ್ದಾಗ ಹೆಂಚಿನ ಮೇಲೆ ಪಟಪಟ ಸದ್ದು ಕೇಳಿಸಿತು. ಆಮೇಲೆ ಅಪ್ಪನ ಕೂಗು, ಬೇಲಿಯಾಚೆ ಇನ್ನೊಂದು ಕೂಗು.

ಎಲ್ಲ ಬಳಿದು ಒಳಗೆ ತುಂಬಿ ಆದ ಮೇಲೆ ಅಪ್ಪ ತಲೆ ಒರೆಸಿಕೊಳ್ಳುತ್ತಾ ಬಂದರು. ಒರೆಸಿಕೊಳ್ಳುತ್ತಿದ್ದದ್ದು ನನ್ನ ಕೂದಲಿಗೆ ಅಂತ ಎತ್ತಿಟ್ಟಿದ್ದ ಬನಿಯನ್ನಿನಲ್ಲಿ. ನನ್ನ ತಲೆಯನ್ನು ಬೆರಳಲ್ಲಿ ಒತ್ತಿ ನೋಡಿ, ಅಂಟು ಅಂಟಾಗಿದ್ದನ್ನು ಮೂಸಿ, "ಆ ದೋಸೆದಾ ಇದು?" ಅಂದರು. ಹೌದು ಅಂದೆ. ಸೊಸ್ಯೂರ್ ಕೂಡ ಕೂದಲಿನ ಜಿಡ್ಡೆಲ್ಲ ತೆಗೆದ ಮೇಲೇ ಉಪಕರಣಕ್ಕೆ ಹಾಕುತ್ತಿದ್ದ. ಈ ಮಾತು ಅಪ್ಪನಿಗೆ ಹೇಳಿರಲಿಲ್ಲ, ಅವರೇ ಕಂಡುಕೊಂಡರು.

"ನೋಡು ಮಗಾ, ಅಡಿಕೆ ಮುಗಿಯೋ ತನಕ ತಲೆಗೆ ಎಂಥದೂ ಹಚ್ಚಬೇಡ" ಅಂದರು. "ಶೇಷಣ್ಣನಿಗೂ ಮಾತು ಕೊಟ್ಟಿದ್ದೇನೆ."