ದೋಹಾದಿಂದ ಮಲ್ಪೆವರೆಗೆ: ನಮ್ಮ ದುಡಿಯುವವರಿಗೆ ಹೊರಗಿನ ತಜ್ಞರು ಬೇಕೇ?

ಕರಾವಳಿಯವರಿಗೆ ವಲಸೆ ಹೊಸತಲ್ಲ. ಮೊದಲು ಮುಂಬೈಗೆ ಹೋದರು, ಆಮೇಲೆ ಕುವೈತ್, ದುಬೈ, ದೋಹಾ. ಈಗ ಮಲ್ಪೆಯ ಬೋಟುಗಳಲ್ಲಿ, ಬೈಕಂಪಾಡಿಯ ಕಾರ್ಖಾನೆಗಳಲ್ಲಿ ಒಡಿಶಾ, ಜಾರ್ಖಂಡ್, ಬಂಗಾಳದ ಹುಡುಗರು ದುಡಿಯುತ್ತಾರೆ. ಜನರನ್ನು ಕಳಿಸುವವರೂ ನಾವೇ, ಕರೆಸಿಕೊಳ್ಳುವವರೂ ನಾವೇ.

ಇಂಥವರ ಹಕ್ಕು, ಸುರಕ್ಷತೆ, ಆಪತ್ತಿನಲ್ಲಿ ನೆರವು ಅಂತಲೇ ಕೆಲಸ ಮಾಡುವ ದೊಡ್ಡ ಲೋಕವೊಂದಿದೆ. ಜಿನೀವಾದ ಐಎಲ್‌ಒ ಅಂದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ವಲಸೆಗೆಂದೇ ಇರುವ ಐಒಎಂ, ರೆಡ್‌ಕ್ರಾಸ್, ಹತ್ತಾರು ಮಾನವ ಹಕ್ಕು ಸಂಸ್ಥೆಗಳು, ಅವುಗಳಲ್ಲಿ ದೇಶದಿಂದ ದೇಶಕ್ಕೆ ಓಡಾಡುವ ತಜ್ಞರು. ಅವರಿಂದ ನಮ್ಮವರಿಗೆ, ನಮ್ಮಲ್ಲಿಗೆ ಬಂದವರಿಗೆ ಏನಾದರೂ ಉಪಯೋಗ ಇದೆಯಾ? ಎರಡೂ ಕಡೆಯ ವಾದ ಕೆಳಗಿದೆ. ತಕ್ಕಡಿ ಸಮವಾಗಿ ಹಿಡಿದಿದ್ದೇನೆ ಅಂತ ಮಾತ್ರ ಹೇಳುವುದಿಲ್ಲ.

ಪರ: ಊರಿನ ಸಂಘದ ಕೈಗೆ ಎಟುಕದ ಕೆಲಸ

ಕತಾರಿನಿಂದಲೇ ಶುರು ಮಾಡೋಣ. ಅಲ್ಲಿ ನಮ್ಮವರು ದಶಕಗಳಿಂದ ಇದ್ದಾರೆ. ಸಂಘಗಳಿವೆ, ಯಕ್ಷಗಾನ ಆಗುತ್ತದೆ, ರಾಜ್ಯೋತ್ಸವ ಆಗುತ್ತದೆ. ಕೆಲಸ ಕಳೆದುಕೊಂಡವನಿಗೆ ಟಿಕೆಟ್ ದುಡ್ಡು ಹೊಂದಿಸಿ ಕೊಡುತ್ತಾರೆ. ಆದರೆ ಅಲ್ಲಿನ ಕಾನೂನೇ ಸರಿಯಿಲ್ಲ ಅಂತ ಸಂಘದ ಅಧ್ಯಕ್ಷರು ವೇದಿಕೆ ಮೇಲೆ ನಿಂತು ಹೇಳಲು ಆಗುತ್ತಾ? ಅವರ ವೀಸಾ ಕೂಡ ಅದೇ ಕಾನೂನಿನ ಕೆಳಗೇ ಇದೆ ಅಲ್ವಾ. ರಾಯಭಾರ ಕಚೇರಿಯಾದರೂ ಬಂದ ದೂರನ್ನು ಒಂದೊಂದಾಗಿ ಬಗೆಹರಿಸಬಹುದು, ಅಷ್ಟೇ. ಇನ್ನೊಂದು ದೇಶದ ಕಾಯ್ದೆಗೆ ಅದು ಕೈ ಹಾಕುವಂತಿಲ್ಲ.

ಆ ಕಾಯ್ದೆ ಹೇಗಿತ್ತು ಅಂದರೆ, ಕರೆಸಿಕೊಂಡ ಮಾಲೀಕ, ಅಂದರೆ ಕಫೀಲ, ಒಪ್ಪಿಗೆ ಪತ್ರ (ಎನ್‌ಒಸಿ) ಕೊಡದೆ ಬೇರೆ ಕೆಲಸಕ್ಕೆ ಸೇರುವಂತಿಲ್ಲ. ದೇಶ ಬಿಟ್ಟು ಊರಿಗೆ ಹೊರಡಲೂ ಅವನ ಒಪ್ಪಿಗೆ ಬೇಕು. ಸಂಬಳ ಬಾರದಿದ್ದರೂ ಅಷ್ಟೇ, ಹೊಡೆತ ತಿಂದರೂ ಅಷ್ಟೇ. 2014ರಲ್ಲಿ ಐಎಲ್‌ಒದಲ್ಲಿ ಕತಾರಿನ ಮೇಲೆ ದೂರು ಬಿತ್ತು. 2017ರಲ್ಲಿ ಸುಧಾರಣೆಗೆ ಕತಾರ್ ಒಪ್ಪಿದ ಮೇಲೆ ಆ ದೂರು ಮುಗಿಯಿತು. 2018ರಲ್ಲಿ ದೋಹಾದಲ್ಲೇ ಐಎಲ್‌ಒ ಕಚೇರಿ ತೆರೆಯಿತು. ಬಹುಪಾಲು ಕೆಲಸಗಾರರಿಗೆ ಎಕ್ಸಿಟ್ ಪರ್ಮಿಟ್ ಬೇಡವಾಯಿತು. 2020ರಲ್ಲಿ ಎನ್‌ಒಸಿ ಹೋಯಿತು. 2021ರ ಮಾರ್ಚ್‌ನಿಂದ ತಿಂಗಳಿಗೆ ಕನಿಷ್ಠ 1,000 ರಿಯಾಲ್ ಸಂಬಳ, ಊಟ-ವಸತಿ ಕೊಡದಿದ್ದರೆ ಅದಕ್ಕೆ ಬೇರೆ ದುಡ್ಡು.

ಇನ್ನೊಂದು ಬದಲಾವಣೆ ಸಣ್ಣದು, ಆದರೆ ತಜ್ಞ ಅಂದರೆ ಏನು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಕೆಲಸ ಮಾಡಿಸಬಾರದು ಅಂತ ಅಲ್ಲಿ ಮೊದಲೂ ನಿಯಮ ಇತ್ತು. ಆದರೆ ಅದು ಗಡಿಯಾರ ನೋಡುವ ನಿಯಮ. ಹೊತ್ತು ಕಳೆಯಿತೋ, ಮತ್ತೆ ಕಬ್ಬಿಣ ಕಟ್ಟಲು ಹೊರಡಬೇಕು. ಸೆಕೆಗೆ ಗಡಿಯಾರ ಗೊತ್ತಾ? ಮೇ ತಿಂಗಳಲ್ಲಿ ಪಣಂಬೂರಿನಲ್ಲಿ 34 ಡಿಗ್ರಿ ಇದ್ದರೂ ಬೆವರು ಆರುವುದಿಲ್ಲ. ಕಲಬುರಗಿಯವರು ಬಂದು ಇದಕ್ಕಿಂತ ನಮ್ಮ 40 ಡಿಗ್ರಿಯೇ ವಾಸಿ ಅನ್ನುತ್ತಾರೆ. ಬಿಸಿ, ಗಾಳಿಯ ತೇವ, ಬಿಸಿಲು, ಬೀಸುವ ಗಾಳಿ ಎಲ್ಲ ಸೇರಿಸಿ ಒಂದೇ ಅಂಕಿ ಕೊಡುವ ಅಳತೆಯೊಂದಿದೆ. ದೋಹಾದ ಕೆಲಸದ ಜಾಗಗಳಲ್ಲೇ ಶಾಖದ ಅಧ್ಯಯನ ನಡೆಯಿತು. 2021ರ ನಿಯಮದ ಪ್ರಕಾರ ಆ ಅಂಕಿ 32.1 ದಾಟಿದರೆ ಗಂಟೆ ಎಷ್ಟೇ ಆಗಿರಲಿ, ಹೊರಗಿನ ಕೆಲಸ ನಿಲ್ಲಬೇಕು. ಬೇಸಿಗೆಯ ಮಧ್ಯಾಹ್ನದ ನಿಷೇಧವೂ ಬೆಳಿಗ್ಗೆ 10ರಿಂದ 3.30ರವರೆಗೆ ಹಿಗ್ಗಿತು. ಪುಣ್ಯ ಕಟ್ಟಿಕೊಳ್ಳುವ ಆಸೆಯಿಂದ ಮಾತ್ರ ಇಂಥ ನಿಯಮ ಹುಟ್ಟುವುದಿಲ್ಲ. ಅಳೆಯಲು ಗೊತ್ತಿರುವವರು ಬೇಕು.

ಈಗ ನಮ್ಮ ದಡಕ್ಕೆ ಬನ್ನಿ. ಒಂದೇ ಮನೆಯ ಅಣ್ಣ ಸರಕು ಹಡಗಿನಲ್ಲಿ, ತಮ್ಮ ಮಲ್ಪೆಯ ಆಳಸಮುದ್ರ ಬೋಟಿನಲ್ಲಿ ಇದ್ದಾರೆ ಅಂತಿಟ್ಟುಕೊಳ್ಳಿ. ನೀರು ಇಬ್ಬರಿಗೂ ಒಂದೇ ಅರಬ್ಬಿ ಸಮುದ್ರ. ಅಣ್ಣನಿಗೆ 2006ರ ಕಡಲ ಕಾರ್ಮಿಕ ಒಪ್ಪಂದದ ರಕ್ಷಣೆ ಇದೆ. ಭಾರತ ಅದನ್ನು 2015ರಲ್ಲಿ ಒಪ್ಪಿದೆ. ತಿಂಗಳಿಗೊಮ್ಮೆ ಸಂಬಳ ಆಗಬೇಕು, ಕರಾರು ಬರವಣಿಗೆಯಲ್ಲಿರಬೇಕು. ಮಾಲೀಕ ಹಡಗನ್ನು ಎಲ್ಲೋ ಬಿಟ್ಟು ಕೈ ತೊಳೆದುಕೊಂಡರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಮತ್ತು ಊರಿಗೆ ಬರುವ ಖರ್ಚು ವಿಮೆಯಿಂದ ಸಿಗುತ್ತದೆ. ತಮ್ಮನಿಗೆ ಇದು ಯಾವುದೂ ಅನ್ವಯಿಸುವುದಿಲ್ಲ, ಯಾಕೆಂದರೆ ಆ ಒಪ್ಪಂದ ಮೀನುಗಾರಿಕೆ ದೋಣಿಗಳನ್ನು ಹೊರಗಿಟ್ಟಿದೆ. ಅವನಂಥವರಿಗೆಂದೇ 2007ರಲ್ಲಿ ಬೇರೊಂದು ಒಪ್ಪಂದ ಆಯಿತು, ಐಎಲ್‌ಒದ 188ನೆಯದು. ಮೂರು ದಿನಕ್ಕಿಂತ ಜಾಸ್ತಿ ಕಡಲಲ್ಲಿರುವ ದೋಣಿಯವನಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು ಅಂತ ಅದರಲ್ಲಿದೆ. ಅದಕ್ಕೆ ಭಾರತ ಇನ್ನೂ ಸಹಿ ಹಾಕಿಲ್ಲ. ವಾರಗಟ್ಟಲೆ ಕಡಲಲ್ಲಿರುವ ಕಲಾಸಿ ಎಷ್ಟು ಹೊತ್ತು ಮಲಗುತ್ತಾನೆ ಅನ್ನುವುದು ಬೋಟು ನಡೆಸುವ ತಾಂಡೇಲನ ಮರ್ಜಿ, ಮೀನಿನ ಮರ್ಜಿ.

ಥಾಯ್ಲೆಂಡ್ ಆ ಒಪ್ಪಂದವನ್ನು 2019ರಲ್ಲಿ ಒಪ್ಪಿಕೊಂಡಿತು. ಅಲ್ಲಿನ ದೋಣಿಗಳಲ್ಲಿ ಬರ್ಮಾ, ಕಾಂಬೋಡಿಯಾದ ಹುಡುಗರನ್ನು ಜೀತಕ್ಕೆ ಇಟ್ಟುಕೊಂಡಿದ್ದನ್ನು ಹೊರಗಿನ ಪತ್ರಕರ್ತರು, ಹಕ್ಕು ಸಂಸ್ಥೆಗಳು ಬಯಲು ಮಾಡಿದ್ದವು. ಲೆಕ್ಕಪತ್ರವಿಲ್ಲದ ಮೀನುಗಾರಿಕೆಗಾಗಿ 2015ರಲ್ಲಿ ಯುರೋಪ್ ಹಳದಿ ಕಾರ್ಡ್ ತೋರಿಸಿತ್ತು, ಅಂದರೆ ಸರಿಪಡಿಸದಿದ್ದರೆ ಮೀನು ಕೊಳ್ಳುವುದಿಲ್ಲ ಅಂತ ಎಚ್ಚರಿಸಿತ್ತು. ಒಳಗಿನವರು ಮಾತ್ರ ಕೂಗಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ.

ಕೊನೆಗೆ ಅಳತೆಗೋಲಿನ ಮಾತು. 1994ರಲ್ಲಿ ರುವಾಂಡಾದಿಂದ ಓಡಿಬಂದವರು ಗಡಿಯಾಚೆ ಗೋಮಾದ ಶಿಬಿರಗಳಲ್ಲಿ ಕಾಲರಾಕ್ಕೆ ಸಾವಿರ ಸಾವಿರ ಸತ್ತರು. ನೆರವಿನ ಸಂಸ್ಥೆಗಳಿಗೆ ಬುದ್ಧಿ ಬಂದದ್ದು ಆಗ. 1997ರಲ್ಲಿ ಸ್ಫಿಯರ್ ಅನ್ನುವ ಮಾನದಂಡಗಳ ಕೆಲಸ ಶುರುವಾಯಿತು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಮಂದಿಗೆ ಒಂದು ಪಾಯಿಖಾನೆ, ತಲೆಗೆ 3.5 ಚದರ ಮೀಟರ್ ಸೂರು. ಇದು ಯುದ್ಧ, ನೆರೆ, ಭೂಕಂಪದಲ್ಲಿ ಎಲ್ಲ ಕಳೆದುಕೊಂಡವರಿಗೆ ಹಾಕಿದ ಲೆಕ್ಕ. ಈ ಅಂಕಿ ಹಿಡಿದುಕೊಂಡು ನಮ್ಮ ಕಡೆಯ ಕಾರ್ಮಿಕರ ಶೆಡ್‌ಗಳಿಗೆ ಒಂದು ಸುತ್ತು ಹೋಗಿ ಬನ್ನಿ. ಎಣಿಸಿದರೆ ಸಾಕು, ಭಾಷಣ ಬೇಡ.

ವಿರೋಧ: ರಾತ್ರಿ ಫೋನ್ ಎತ್ತುವವರು ಯಾರು?

ಕತಾರಿನ ಕತೆ ಚೆನ್ನಾಗಿದೆ. ಆದರೆ ಅದರ ನಾಯಕ ಐಎಲ್‌ಒ ತಜ್ಞ ಅಲ್ಲ, ಫುಟ್‌ಬಾಲ್. 2022ರ ವಿಶ್ವಕಪ್ ಇಲ್ಲದೇ ಹೋಗಿದ್ದರೆ ಆ ಕಚೇರಿ ಆ ವೇಗದಲ್ಲಿ ತೆರೆಯುತ್ತಿತ್ತಾ? ಕುವೈತಿಗೆ ವಿಶ್ವಕಪ್ ಬಂದಿಲ್ಲ. 2024ರ ಜೂನ್‌ನಲ್ಲಿ ಅಲ್ಲಿನ ಮಂಗಾಫ್‌ನಲ್ಲಿ ಕೆಲಸಗಾರರು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಸತ್ತರು. ಲೋಕದ ಕಣ್ಣು ಎಲ್ಲಿ ಬೀಳುತ್ತದೋ ತಜ್ಞರು ಅಲ್ಲಿಗೆ ಹೋಗುತ್ತಾರೆ.

ನಮ್ಮಲ್ಲಿ ಕಷ್ಟ ಹೇಗೆ ಬರುತ್ತದೆ ನೋಡಿ. ಶಿರ್ವದಲ್ಲೋ ಮುಲ್ಕಿಯಲ್ಲೋ ಒಂದು ಮನೆಗೆ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಬರುತ್ತದೆ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಹೇಳಿದ್ದು. ಕತಾರ್ ಅಂದಿದ್ದರು, ಸೌದಿಗೆ ತಂದುಬಿಟ್ಟಿದ್ದಾರೆ. ಪಾಸ್‌ಪೋರ್ಟ್ ಮನೆ ಯಜಮಾನಿ ಹತ್ತಿರ ಇದೆ. ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ಆಗಿಲ್ಲ. ಮನೆಯವರ ಹತ್ತಿರ ಇರುವುದು ಪಾಸ್‌ಪೋರ್ಟಿನ ಮೊದಲ ಪುಟದ ಮಸುಕು ಫೋಟೊ, ಈಗ ಸ್ವಿಚ್ ಆಫ್ ಆಗಿರುವ ಏಜೆಂಟನ ನಂಬರ್. ಜಿನೀವಾಕ್ಕೆ ಫೋನ್ ಮಾಡುತ್ತಾರಾ? ದಮ್ಮಾಮಿನಲ್ಲಿರುವ ಭಾವನಿಗೆ ಮಾಡುತ್ತಾರೆ. ಇಗರ್ಜಿಯ ಫಾದರ್‌ಗೆ, ಜಮಾತಿನ ಹಿರಿಯರಿಗೆ, ಸಂಘದ ಕಾರ್ಯದರ್ಶಿಗೆ ಮಾಡುತ್ತಾರೆ. ಆ ಭಾವ ರಜೆ ಹಾಕಿ, ನೂರಾರು ಕಿಲೋಮೀಟರ್ ಕಾರು ಓಡಿಸಿ, ಆ ಮನೆ ಯಾವ ಬೀದಿಯಲ್ಲಿದೆ ಅಂತ ಪತ್ತೆ ಮಾಡುತ್ತಾನೆ. ಯಜಮಾನ ಮೊದಲೇ ಹುರೂಬ್ ಬರೆಸಿಬಿಟ್ಟರೆ, ಅಂದರೆ ಓಡಿಹೋಗಿದ್ದಾಳೆ ಅಂತ ದೂರು ಕೊಟ್ಟರೆ, ಅವಳೇ ತಪ್ಪಿತಸ್ಥೆ ಆಗುತ್ತಾಳೆ. ಇದೆಲ್ಲ ಆ ಭಾವನಿಗೆ ಬಾಯಿಪಾಠ. ಅವನು ತಜ್ಞ ಅಲ್ಲ ಅಂತ ಹೇಳುವವರು ಯಾರು?

ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನ ಮಾಡಿದ್ದು ಇಂಥದ್ದೇ ಕೆಲಸ. ಡಾ. ರವೀಂದ್ರನಾಥ ಶಾನುಭಾಗರು ಗಲ್ಫ್‌ನಲ್ಲಿ ಸಿಕ್ಕಿಬಿದ್ದವರ ಕಡತ ಹಿಡಿದು ದೆಹಲಿ, ರಾಯಭಾರ ಕಚೇರಿ, ಪೊಲೀಸ್ ಅಂತ ಒಂದೊಂದು ಬಾಗಿಲನ್ನೂ ಬಡಿದಿದ್ದಾರೆ. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದ ಮೇಲೆ ಅಲ್ಲಿಂದ ಜೋರ್ಡಾನಿನ ಅಮ್ಮಾನ್ ದಾರಿಯಾಗಿ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ಕರೆತಂದಾಗಲೂ, ಪಟ್ಟಿ ಬರೆದು ಬಸ್ಸು ಹೊಂದಿಸುವುದರಲ್ಲಿ ದುಡಿದವರು ಅಲ್ಲೇ ಇದ್ದ ಭಾರತೀಯರು.

ಹೊರಗಿನವರು ತಪ್ಪು ಮಾಡಿದರೆ ಕೇಳುವವರೂ ಇಲ್ಲ. ಹೈಟಿಯಲ್ಲಿ 2010ರ ಭೂಕಂಪವಾದ ಕೆಲವು ತಿಂಗಳಿಗೆ ಕಾಲರಾ ಹಬ್ಬಿತು. ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಕೊಳಚೆ ನದಿ ಸೇರಿ ಬಂದ ರೋಗ ಅದು. ಹತ್ತಿರ ಹತ್ತಿರ 10,000 ಮಂದಿ ಸತ್ತರು. ವಿಶ್ವಸಂಸ್ಥೆಯ ಆಗಿನ ಮುಖ್ಯಸ್ಥ ಬಾನ್ ಕಿ-ಮೂನ್ ಕ್ಷಮೆ ಕೇಳಿದ್ದು 2016ರ ಡಿಸೆಂಬರ್‌ನಲ್ಲಿ. ಪರಿಹಾರಕ್ಕೆ ಅಮೆರಿಕದ ಕೋರ್ಟಿಗೆ ಹೋದವರಿಗೆ, ವಿಶ್ವಸಂಸ್ಥೆಯ ಮೇಲೆ ದಾವೆ ಹೂಡುವಂತಿಲ್ಲ ಅನ್ನುವ ಉತ್ತರ ಸಿಕ್ಕಿತು. ನಮ್ಮ ಪಂಚಾಯಿತಿ ಸದಸ್ಯ ಎಷ್ಟೇ ಕೆಲಸಕ್ಕೆ ಬಾರದವನಾಗಿರಲಿ, ಐದು ವರ್ಷಕ್ಕೊಮ್ಮೆ ಅವನಿಗೆ ಮನೆ ದಾರಿ ತೋರಿಸಬಹುದು.

ಸ್ಥಳೀಯರೇ ಮುಂದೆ ಇರಬೇಕು ಅಂತ ಆ ಲೋಕವೂ ಒಪ್ಪಿಕೊಂಡಿದೆ, ಕಾಗದದ ಮೇಲೆ. 2016ರಲ್ಲಿ ಇಸ್ತಾಂಬುಲ್‌ನ ಮಾನವೀಯ ನೆರವಿನ ಸಮಾವೇಶದಲ್ಲಿ, 2020ರೊಳಗೆ ನೆರವಿನ ಹಣದ ಶೇ. 25ರಷ್ಟು ಆಯಾ ದೇಶದ, ಊರಿನ ಸಂಸ್ಥೆಗಳಿಗೆ ಆದಷ್ಟು ನೇರವಾಗಿ ಮುಟ್ಟಬೇಕು ಅಂತ ಮಾತು ಕೊಟ್ಟರು. ಆ ಗುರಿಯ ಹತ್ತಿರಕ್ಕೂ ಹೋಗಲಿಲ್ಲ. ಆಮೇಲೆ 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವಿಗೆ ತಡೆ ಹಾಕಿತು, ಜುಲೈಗೆ ಆ ದೇಶದ ನೆರವು ಸಂಸ್ಥೆ ಯುಎಸ್‌ಏಡ್ ಮುಚ್ಚಿಯೇ ಹೋಯಿತು. ಎಷ್ಟೋ ದೇಶಗಳಲ್ಲಿ ಕೆಲಸಗಳು ಅರ್ಧಕ್ಕೆ ನಿಂತವು. ವಾಷಿಂಗ್ಟನ್‌ನಲ್ಲಿ ಒಂದು ಸಹಿ ಬಿದ್ದರೆ ನಿಂತುಹೋಗುವ ನೆರವನ್ನು ನೆಚ್ಚಿಕೊಂಡು ಕೂರುವುದು ಹೇಗೆ?

ಮೀನಿನ ವಿಷಯಕ್ಕೆ ಬರೋಣ. ನಮ್ಮ ಕಡಲಲ್ಲಿ ಹಿಡಿದ ಸಿಗಡಿಯನ್ನು ಅಮೆರಿಕ 2019ರಿಂದ ಕೊಳ್ಳುತ್ತಿಲ್ಲ. ಕಾರಣ ಆಮೆ. ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳುವ ಕಿಂಡಿ ಇರಬೇಕು, ಇಲ್ಲದಿದ್ದರೆ ಸಿಗಡಿ ಬೇಡ. ಆಮೆ ಬದುಕಲಿ, ಒಳ್ಳೆಯದೇ. ಆದರೆ ಅದೇ ಬೋಟಿನಲ್ಲಿ ಕಲಾಸಿ ಮಲಗುವ ಜಾಗ ಎಷ್ಟಿದೆ ಅಂತ ಆ ಕಾನೂನು ಕೇಳುವುದಿಲ್ಲ. ಹೊರಗಿನವರ ಕಾಳಜಿ ಅವರ ಮಾರುಕಟ್ಟೆಯ ಹಿಂದೆಯೇ ನಡೆಯುತ್ತದೆ. ಥಾಯ್ಲೆಂಡಿನ ಕತೆಯಲ್ಲೂ ಹಳದಿ ಕಾರ್ಡ್ ತೋರಿಸಿದವನು ಗಿರಾಕಿಯೇ ತಾನೆ.

ಇನ್ನು ಅವರ ಫಾರಂ. ಬಲವಂತದ ದುಡಿಮೆ ಗುರುತಿಸಲು ಐಎಲ್‌ಒ 11 ಲಕ್ಷಣ ಪಟ್ಟಿ ಮಾಡಿದೆ. ಸಂಬಳ ತಡೆಹಿಡಿಯುವುದು ಒಂದು, ಸಾಲದಲ್ಲಿ ಕಟ್ಟಿಹಾಕುವುದು ಇನ್ನೊಂದು. ಮಲ್ಪೆಯಲ್ಲಿ ಅಡ್ವಾನ್ಸ್ ಪಡೆದು ಬೋಟು ಹತ್ತುವುದುಂಟು, ಜೂನ್-ಜುಲೈ ನಿಷೇಧಕ್ಕೆ ಬೋಟು ಮೇಲೇರಿದಾಗ ಲೆಕ್ಕ ಚುಕ್ತಾ ಮಾಡಿ ಊರಿಗೆ ಹೋಗುವುದುಂಟು. ಸುಮ್ನೆ ಟಿಕ್ ಹಾಕಿದರೆ ಎರಡೂ ಜೀತದ ಲಕ್ಷಣ. ಕೆಲವರಿಗೆ ಅದು ನಿಜವಾಗಿ ಜೀತವೇ. ಇನ್ನು ಕೆಲವರು ಕೈಯಲ್ಲಿದ್ದರೆ ಖರ್ಚಾಗುತ್ತದೆ, ಯಜಮಾನರ ಹತ್ತಿರವೇ ಇರಲಿ ಅನ್ನುತ್ತಾರೆ. ಯಾರದ್ದು ಯಾವುದು ಅಂತ ತಿಳಿಯಲು ಬಂದರಿನ ದಕ್ಕೆಯಲ್ಲಿ ಬೆಳಗಿನ ಜಾವ ಮಂಜುಗಡ್ಡೆ ಹೊರುವವರ ಜೊತೆ ಕೂತು ಅವರ ಭಾಷೆಯಲ್ಲಿ ಮಾತಾಡಬೇಕು, ಲೆಕ್ಕ ಬರೆಯುವ ರೈಟರ್ ಪಕ್ಕದಲ್ಲಿ ಇಲ್ಲದಾಗ. ಮೂರು ದಿನದ ಭೇಟಿಯಲ್ಲಿ ಅದು ಆಗುವ ಕೆಲಸವಲ್ಲ.

ಅಳತೆಗೋಲಿಗೂ ನಮಗೆ ಬರ ಇಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ ನಮ್ಮಲ್ಲಿ 1979ರಲ್ಲೇ ಕಾಯ್ದೆ ಆಯಿತು. ವಿದೇಶಕ್ಕೆ ಜನ ಕಳಿಸುವ ಏಜೆಂಟ್ 1983ರ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಿರಬೇಕು, ಸೇವಾ ಶುಲ್ಕ ಅಂತ ಪಡೆಯಬಹುದಾದದ್ದು 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷ ಕೇಳಿದರೆ ಅಲ್ಲೇ ಎದ್ದು ಬರಬೇಕು. ಅವನು ನೋಂದಾಯಿತ ಹೌದೋ ಅಲ್ಲವೋ ಅಂತ ಇ-ಮೈಗ್ರೇಟ್ ಜಾಲತಾಣದಲ್ಲಿ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಇಷ್ಟನ್ನು ಪಾಸ್‌ಪೋರ್ಟ್ ಕೇಂದ್ರದ ಬಾಗಿಲಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿಯಲ್ಲಿ ಬರೆದು ಹಾಕಲು ಯಾವ ತಜ್ಞ ಬೇಕು?

2022ರ ಏಪ್ರಿಲ್‌ನಲ್ಲಿ ಬಜ್ಪೆ ಬಳಿಯ ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ತೊಟ್ಟಿಯ ವಿಷಾನಿಲಕ್ಕೆ ಪಶ್ಚಿಮ ಬಂಗಾಳದ ಐವರು ಸತ್ತರು. ಒಬ್ಬ ಬಿದ್ದ ಅಂತ ಎತ್ತಲು ಹೋದವರೂ ಉಳಿಯಲಿಲ್ಲ. ಗಾಳಿ ಪರೀಕ್ಷೆ ಮಾಡದೆ, ಮುಖಕ್ಕೆ ಉಸಿರಾಟದ ಸಾಧನವಿಲ್ಲದೆ ಇಂಥ ತೊಟ್ಟಿಗೆ ಇಳಿಸಬಾರದು ಅನ್ನುವುದು ಹಳೇ ನಿಯಮ. ಅದನ್ನು ಹೇಳಿಕೊಡಲು ಯಾರೂ ವಿಮಾನ ಹತ್ತಿ ಬರಬೇಕಾಗಿಲ್ಲ. ಹೇಳದೆ ಕೇಳದೆ ಬಂದು ತೊಟ್ಟಿಯ ಮುಚ್ಚಳ ತೆಗೆಸಿ ನೋಡುವ ಒಬ್ಬ ಇನ್‌ಸ್ಪೆಕ್ಟರ್ ಬೇಕು. ಅವನ ಜೊತೆಗೆ ಬಂಗಾಳಿ, ಒಡಿಯಾ ಮಾತಾಡುವ ಒಬ್ಬರು ಬೇಕು. ಆ ಇಬ್ಬರ ಸಂಬಳ ಕೊಡಬೇಕಾದದ್ದು ಬೆಂಗಳೂರಿನ ಸರ್ಕಾರ.